ಇಪ್ಪತ್ತಮೂರು ಮಂದಿ ಗೈರುಹಾಜರು: ಸಿ ಲೈಬ್ರರಿಯನ್ನು ಎಲ್ಲ ಯಂತ್ರಗಳಲ್ಲೂ ನಡೆಯುವಂತೆ ಬರೆಯಿಸಿದ ಒಂದು ಪಾಠ

ಪಾಠದ ವಿವರ
ತರಗತಿ: ಪ್ರಥಮ ಪಿಯುಸಿ, ಗಣಕ ವಿಜ್ಞಾನ (ಪಠ್ಯಪೂರಕ ಚಟುವಟಿಕೆ)
ವಿದ್ಯಾರ್ಥಿಗಳ ಸಂಖ್ಯೆ: 24
ಅವಧಿ: ವೀಕ್ಷಣಾ ಪಾಠ 1, ಮರುಪಾಠ 2, ತಲಾ 45 ನಿಮಿಷ
ಕಲಿಕಾಂಶ: ಒಂದೇ ಸಿ ಲೈಬ್ರರಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದೇ ಫಲಿತಾಂಶ ಕೊಡುವಂತೆ ಬರೆಯುವುದು

1. ಹಿನ್ನೆಲೆ

ಬೋಧನಾ ಅಭ್ಯಾಸಕ್ಕೆ ನನಗೆ ಹಂಚಿಕೆಯಾದದ್ದು ಮರ್ಫಿ ಟೌನ್‌ನ ಒಂದು ಪದವಿಪೂರ್ವ ಕಾಲೇಜು. ಹಲಸೂರು ಮತ್ತು ಇಂದಿರಾನಗರಗಳ ಮಗ್ಗುಲಿನ ಈ ಬಡಾವಣೆಯಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲವೂ ಮನೆಮಾತುಗಳು. ತರಗತಿಯೂ ಹಾಗೆಯೇ ಇತ್ತು. ಪ್ರಯೋಗಾಲಯದ ಯಂತ್ರಗಳಲ್ಲಿ ಉಬುಂಟು ಲಿನಕ್ಸ್. ಮನೆಯಲ್ಲಿ ಕಂಪ್ಯೂಟರ್ ಇದ್ದ ಕೆಲವೇ ವಿದ್ಯಾರ್ಥಿಗಳ ಯಂತ್ರಗಳಲ್ಲಿ ವಿಂಡೋಸ್. ಈ ಸಂಗತಿಯನ್ನು ಮೊದಲ ದಿನವೇ ವಿದ್ಯಾರ್ಥಿ ಮಾಹಿತಿ ಪತ್ರದಲ್ಲಿ ಬರೆದುಕೊಂಡಿದ್ದೆ. ಪಾಠಯೋಜನೆ ಬರೆಯುವಾಗ ಮಾತ್ರ ಆ ಪತ್ರವನ್ನು ತೆರೆದು ನೋಡಲಿಲ್ಲ. ಮುಂದೆ ಹೇಳುವುದೆಲ್ಲ ಅಲ್ಲಿಂದ ಶುರುವಾಯಿತು.

ಸಿ ಭಾಷೆಯಲ್ಲಿ ಸಣ್ಣದೊಂದು ಲೈಬ್ರರಿ ಬರೆಯಿಸುವುದು ನನ್ನ ಯೋಜನೆಯಾಗಿತ್ತು. ಲೈಬ್ರರಿ ಎಂದರೆ ಬೇರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸಬಹುದಾದ ಫಂಕ್ಷನ್‌ಗಳ ಗುಂಪು. ಬಳಸುವವರು ಅದರ ಒಳಗಿನ ಸಾಲುಗಳನ್ನು ಓದಬೇಕಾಗಿಲ್ಲ. ನಮ್ಮ ಲೈಬ್ರರಿಗೆ 'ಹಾಜರಿ' ಎಂದು ಹೆಸರಿಟ್ಟೆವು. ತರಗತಿಯ ಹೆಸರುಪಟ್ಟಿ ಇರುವ ಕಡತವನ್ನು ಓದುವುದು, ಒಂದು ಹೆಸರು ಪಟ್ಟಿಯಲ್ಲಿದೆಯೇ ಎಂದು ಹುಡುಕುವುದು, ಒಟ್ಟು ಎಷ್ಟು ಹೆಸರು ಎಂದು ಎಣಿಸುವುದು, ಈ ಮೂರು ಕೆಲಸಕ್ಕೆ ಮೂರು ಫಂಕ್ಷನ್. ಕಪ್ಪುಹಲಗೆಯ ಮೇಲೆ ಇವನ್ನೆಲ್ಲ ಇಂಗ್ಲಿಷ್ ಲಿಪಿಯಲ್ಲೇ ಬರೆದೆ. ಇಲ್ಲಿ ಓದಿನ ಅನುಕೂಲಕ್ಕೆ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ.

ನಾನು ಪದವಿಯಲ್ಲಿ ಸಿ ಕಲಿತದ್ದು ಟರ್ಬೊ ಸಿ ಎಂಬ ಹಳೆಯ ಕಂಪೈಲರಿನಲ್ಲಿ. ಪ್ರತಿ ಪ್ರೋಗ್ರಾಂ 'ಕೊನಿಯೊ ಡಾಟ್ ಎಚ್' ಸೇರಿಸುವುದರಿಂದ ಶುರುವಾಗಿ, 'ಕ್ಲಿಯರ್‌ಸ್ಕ್ರೀನ್' ಫಂಕ್ಷನ್‌ನಿಂದ ಪರದೆ ಒರೆಸಿ, 'ಗೆಟ್‌ಸಿಎಚ್'ನಿಂದ ಮುಗಿಯುತ್ತಿತ್ತು. ಇವು ಸಿ ಭಾಷೆಯ ಭಾಗ ಎಂದೇ ಬಹಳ ಕಾಲ ನಂಬಿದ್ದೆ. ಅವು ಡಾಸ್ ಕಾಲದ ಕಂಪೈಲರುಗಳು ಸೇರಿಸಿಕೊಟ್ಟ ಸೌಲಭ್ಯಗಳು. 1989ರಲ್ಲಿ ಅಮೆರಿಕದಲ್ಲಿ, 1990ರಲ್ಲಿ ಅಂತರರಾಷ್ಟ್ರೀಯವಾಗಿ ಅಂಗೀಕಾರವಾದ ಸಿ ಭಾಷೆಯ ಮಾನಕದಲ್ಲಿ ಅವುಗಳ ಹೆಸರೇ ಇಲ್ಲ. ಉಬುಂಟು ಯಂತ್ರದಲ್ಲಿ ಆ ಮೊದಲ ಸಾಲಿಗೇ ಕಂಪೈಲರು 'ಇಂಥ ಕಡತವಿಲ್ಲ' ಎನ್ನುತ್ತದೆ. ಇದನ್ನು ತಿದ್ದಿಕೊಂಡ ಮೇಲೆ, ನನ್ನ ಕೋಡ್ ಇನ್ನು ಎಲ್ಲಿ ಬೇಕಾದರೂ ನಡೆಯುತ್ತದೆ ಎಂಬ ಧೈರ್ಯ ನನಗೆ ಬಂದಿತ್ತು.

2. ವೀಕ್ಷಣಾ ಪಾಠದಲ್ಲಿ ಆದದ್ದು

ಹೆಸರುಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡಿ ತರಲು ಒಬ್ಬ ಹುಡುಗಿ ಮುಂದೆ ಬಂದಳು. ಅವರ ಮನೆಯಲ್ಲಿ ತಂದೆ ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇತ್ತು. ನೋಟ್‌ಪ್ಯಾಡಿನಲ್ಲಿ ಸಾಲಿಗೊಂದರಂತೆ 24 ಹೆಸರು ಬರೆದು, ಉಳಿಸುವಾಗ ಯುಟಿಎಫ್-8 ಆರಿಸಿಕೋ ಎಂದು ನಾನೇ ಹೇಳಿಕೊಟ್ಟಿದ್ದೆ. ಹಾಗೆ ಆರಿಸದಿದ್ದರೆ ಆ ಹಳೆಯ ನೋಟ್‌ಪ್ಯಾಡಿನಲ್ಲಿ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿದ್ದವು. ಲೈಬ್ರರಿಯನ್ನು, ಜೊತೆಗೆ ಅದೇ 24 ಹೆಸರುಗಳನ್ನು ಒಂದೊಂದಾಗಿ ಹುಡುಕಿ ನೋಡುವ ಪರೀಕ್ಷಾ ಪ್ರೋಗ್ರಾಮನ್ನು ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಬರೆದು, ನಾನೇ ಮಾಡಿಕೊಂಡ ಮಾದರಿ ಪಟ್ಟಿಯೊಂದಿಗೆ ಪರೀಕ್ಷಿಸಿದ್ದೆ. 24ಕ್ಕೆ 24 ಸಿಕ್ಕಿದ್ದವು.

ವೀಕ್ಷಣಾ ಪಾಠದ ದಿನ ಮಾರ್ಗದರ್ಶಕ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹುಡುಗಿಯ ಪೆನ್‌ಡ್ರೈವಿನಿಂದ ಪಟ್ಟಿಯನ್ನು ಪ್ರಯೋಗಾಲಯದ ಯಂತ್ರಕ್ಕೆ ಹಾಕಿ ಪ್ರೋಗ್ರಾಂ ನಡೆಸಿದೆ. ಪರದೆಯ ಮೇಲೆ 23 ಸಾಲು 'ಇಲ್ಲ', ಕೊನೆಯದೊಂದು 'ಇದ್ದಾರೆ'. ತರಗತಿಗೆ ತರಗತಿಯೇ ನಕ್ಕಿತು. ಪಟ್ಟಿಯಲ್ಲಿ ಕೊನೆಯ ಹೆಸರು ಆ ಹುಡುಗಿಯದೇ.

"ಬೇರೆಯವರನ್ನೆಲ್ಲ ಬಿಟ್ಟು ನಿನ್ನ ಹೆಸರೊಂದನ್ನೇ ಸರಿಯಾಗಿ ಟೈಪ್ ಮಾಡಿದ್ದೀಯಲ್ಲಾ" ಎಂದೆ, ತಮಾಷೆಗೆ.

"ಇಲ್ಲ ಮಿಸ್, ಮನೇಲಿ ಕಂಪೈಲ್ ಮಾಡಿ ನೋಡ್ದೆ. ಮೊದಲನೇ ಹೆಸರು ಒಂದು ಸಿಗಲಿಲ್ಲ, ಮಿಕ್ಕಿದ್ದೆಲ್ಲ ಸಿಕ್ತು."

"ಹಾಗಾಗೋಕೆ ಸಾಧ್ಯ ಇಲ್ಲಮ್ಮ. ಕೋಡ್ ಅದೇ, ಪಟ್ಟಿಯೂ ಅದೇ. ಟೈಪ್ ಮಾಡಿದ್ದರಲ್ಲೇ ತಪ್ಪಾಗಿರಬೇಕು."

ಅವಳು ಸ್ವಲ್ಪ ಹೊತ್ತು ನಿಂತಿದ್ದು, "ನಮ್ದು ಹಳೇ ಲ್ಯಾಪ್‌ಟಾಪ್ ಮಿಸ್, ಅದಕ್ಕೇ ಇರ್ಬೇಕು" ಎಂದು ಕುಳಿತಳು. ಉಳಿದ ಅವಧಿಯಲ್ಲಿ ಬಾಯಿ ಬಿಡಲಿಲ್ಲ. ನಾನು ನನ್ನ ಮಾದರಿ ಪಟ್ಟಿಯನ್ನು ಹಾಕಿ ಪಾಠ ಮುಗಿಸಿದೆ. ಫಲಿತಾಂಶ ಸರಿಯಾಗಿ ಬಂತು.

ಪಾಠದ ನಂತರ ಮೇಡಂ ನನ್ನ ಕಪ್ಪುಹಲಗೆಯ ಕೆಲಸವನ್ನಾಗಲಿ ಧ್ವನಿಯ ಏರಿಳಿತವನ್ನಾಗಲಿ ಪ್ರಸ್ತಾಪಿಸಲಿಲ್ಲ. "ಆ ಹುಡುಗಿ ನಿಮಗೊಂದು ಮಾಹಿತಿ ಕೊಟ್ಟಳು. ಅದನ್ನು ನೀವು ಹಲಗೆಯ ಮೇಲೆ ಯಾಕೆ ಬರೆಯಲಿಲ್ಲ?" ಎಂದು ಮಾತ್ರ ಕೇಳಿದರು. ಉತ್ತರ ತೋಚಲಿಲ್ಲ. ಸಂಜೆ ಆ ಪೆನ್‌ಡ್ರೈವಿನ ಕಡತವನ್ನು ಬೈಟ್ ಬೈಟಾಗಿ ತೆರೆದು ನೋಡಿದೆ. ಟೈಪಿಂಗಿನಲ್ಲಿ ಒಂದೂ ತಪ್ಪಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ತಪ್ಪು ನನ್ನ ಲೈಬ್ರರಿಯಲ್ಲಿತ್ತು.

ಪ್ರಾಂಶುಪಾಲರ ಅನುಮತಿ ಪಡೆದು ಅದೇ ಕಲಿಕಾಂಶವನ್ನು ಇನ್ನೆರಡು ಅವಧಿ ತೆಗೆದುಕೊಂಡೆ. ಆ ಮರುಪಾಠವನ್ನು ನಾವು ಬಳಸುವ ಐದು ಹಂತಗಳಲ್ಲೇ ಇಲ್ಲಿ ವರದಿ ಮಾಡುತ್ತಿದ್ದೇನೆ.

3. ಮರುಪಾಠ

ತೊಡಗಿಸಿಕೊಳ್ಳುವಿಕೆ

ಮೊದಲು ಆ ಹುಡುಗಿಯ ಹೆಸರು ಹೇಳಿ, ಹಿಂದಿನ ತರಗತಿಯಲ್ಲಿ ಅವಳು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದು ತಿಳಿಸಿದೆ. ಹಲಗೆಯ ಮೇಲೆ ಎರಡು ಸಾಲು ಬರೆದೆ: ಮನೆಯ ವಿಂಡೋಸ್‌ನಲ್ಲಿ 23 ಸಿಕ್ಕವು, 1 ಇಲ್ಲ (ಮೊದಲನೆಯದು). ಪ್ರಯೋಗಾಲಯದ ಉಬುಂಟುವಿನಲ್ಲಿ 1 ಸಿಕ್ಕಿತು (ಕೊನೆಯದು), 23 ಇಲ್ಲ.

ನಂತರ ಒಂದು ಮುದ್ರಿತ ಹಾಳೆ ತೋರಿಸಿದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ತೆಗೆದ ಪ್ರತಿ ಅದು. ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. "ಜೆರಾಕ್ಸ್ ಅಂಗಡೀಲಿ ಹೀಗೇ ಆಗಿತ್ತು ಮಿಸ್, ಫೈಲ್ ಕೆಟ್ಟೋಗಿದೆ ಅಂದ್ರು" ಎಂದನೊಬ್ಬ. ನಿಜಕ್ಕೂ ಕಡತ ಕೆಟ್ಟಿದೆಯೇ? ಚರ್ಚೆಯಲ್ಲಿ ಹೊರಬಂದದ್ದು ಇಷ್ಟು: ಕಡತದಲ್ಲಿ ಇರುವುದು ಸಂಖ್ಯೆಗಳು ಮಾತ್ರ. ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಬರೆದ ಯಂತ್ರ ಆ ಸಂಖ್ಯೆಗಳಿಗೆ ಒಂದು ಅರ್ಥ ಊಹಿಸಿತ್ತು, ಓದಿದ ಯಂತ್ರ ಇನ್ನೊಂದು. ಯುನಿಕೋಡ್ ತನ್ನ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಬೇರೆಯಾಗಿ ಕಾದಿರಿಸಿದೆ. ಹಾಗಾಗಿ ಈ ಗೊಂದಲ ಈಗ ಬಹುಮಟ್ಟಿಗೆ ತಪ್ಪಿದೆ.

"ನಮ್ಮ ಪಟ್ಟಿ ಯುನಿಕೋಡಿನಲ್ಲೇ ಇದೆ. ಆದರೂ ಯಾವುದೋ ಒಂದು ಊಹೆ ಕೈಕೊಟ್ಟಿದೆ. ಅದು ಯಾವುದು?" ಎಂದು ಕೇಳಿ ಮುಂದಿನ ಹಂತಕ್ಕೆ ಹೋದೆ.

ಶೋಧನೆ

ನಾಲ್ಕು ನಾಲ್ಕು ಮಂದಿಯ ಆರು ಗುಂಪು ಮಾಡಿದೆ. ಮೊದಲ ಕೆಲಸ, ಕಡತದಿಂದ ಓದಿದ ಪ್ರತಿ ಹೆಸರನ್ನೂ ಚೌಕ ಆವರಣದೊಳಗೆ ಮುದ್ರಿಸುವುದು. ಎಲ್ಲ ಗುಂಪಿನಲ್ಲೂ ಒಂದೇ ವಿಚಿತ್ರ: ಹೆಸರಿನ ಬಲಕ್ಕೆ ಬರಬೇಕಾದ ಮುಚ್ಚುವ ಆವರಣ ಸಾಲಿನ ಎಡತುದಿಗೆ ಬಂದು, ತೆರೆಯುವ ಆವರಣದ ಮೇಲೆ ಕುಳಿತಿತ್ತು. ಕೊನೆಯ ಹೆಸರೊಂದೇ ಸರಿಯಾಗಿ ಎರಡು ಆವರಣಗಳ ನಡುವೆ ಇತ್ತು.

ಎರಡನೆಯ ಕೆಲಸ, ಪ್ರತಿ ಬೈಟನ್ನೂ ಸಂಖ್ಯೆಯಾಗಿ ಮುದ್ರಿಸುವುದು. ಕನ್ನಡ ಅಕ್ಷರಗಳ ಬೈಟುಗಳು 224ರ ಬದಲು ಮೈನಸ್ 32 ಎಂದು ಬಂದು ಎರಡು ಗುಂಪು ಗಾಬರಿಯಾಯಿತು. 'ಕ್ಯಾರ್' ಎಂಬ ಮಾದರಿಯನ್ನು 'ಅನ್‌ಸೈನ್ಡ್ ಕ್ಯಾರ್' ಎಂದು ಬದಲಿಸಿಕೊಳ್ಳಲು ಹೇಳಿದೆ. ಇದೂ ಒಂದು ಊಹೆಯೇ: ಬರೀ 'ಕ್ಯಾರ್' ಎಂದರೆ ಋಣಸಂಖ್ಯೆಗಳೂ ಸೇರಿವೆಯೇ ಇಲ್ಲವೇ ಎಂಬುದನ್ನು ಸಿ ಮಾನಕ ನಿಗದಿ ಮಾಡಿಲ್ಲ. ನಮ್ಮ ಪ್ರಯೋಗಾಲಯದ ಇಂಟೆಲ್ ಯಂತ್ರಗಳಲ್ಲಿ ಸೇರಿವೆ. ರಾಸ್‌ಬೆರಿ ಪೈನಂಥ ಎಆರ್‌ಎಂ ಯಂತ್ರದ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ.

ಸಂಖ್ಯೆಗಳು ಬಂದ ಮೇಲೆ ಗುಟ್ಟು ಬಯಲಾಯಿತು. ಪ್ರತಿ ಹೆಸರಿನ ಕೊನೆಗೆ 13 ಎಂಬ ಬೈಟ್ ಇತ್ತು, ಕೊನೆಯ ಹೆಸರಿನಲ್ಲಿ ಮಾತ್ರ ಇರಲಿಲ್ಲ. ಕಡತದ ಆರಂಭದಲ್ಲಿ, ಮೊದಲ ಹೆಸರಿಗೂ ಮುಂಚೆ, 239, 187, 191 ಎಂಬ ಮೂರು ಬೈಟು ಇದ್ದವು. "ಇವು ಯಾವ ಅಕ್ಷರ ಮಿಸ್? ನಮ್ಮ ಹೆಸರಲ್ಲಿ ಇಲ್ವಲ್ಲ" ಎಂದ ಪಟ್ಟಿಯ ಮೊದಲ ಹುಡುಗ.

ವಿವರಣೆ

ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿದಾಗ ಎರಡು ಚಲನೆ ಬೇಕು: ಕ್ಯಾರೇಜನ್ನು ಸಾಲಿನ ಆರಂಭಕ್ಕೆ ತಳ್ಳುವುದು, ಕಾಗದವನ್ನು ಒಂದು ಸಾಲು ಮೇಲೆ ಸರಿಸುವುದು. ಟೆಲಿಪ್ರಿಂಟರಿನ ಕಾಲದಲ್ಲಿ ಈ ಎರಡು ಚಲನೆಗೆ ಎರಡು ಸಂಖ್ಯೆ ಬಂದವು, 13 ಮತ್ತು 10. ಯುನಿಕ್ಸ್ ಮತ್ತು ಅದರ ದಾರಿ ಹಿಡಿದ ಲಿನಕ್ಸ್ ಸಾಲು ಮುಗಿಯಿತು ಎನ್ನಲು 10 ಒಂದನ್ನೇ ಇಟ್ಟುಕೊಂಡವು. ಡಾಸ್ ಮತ್ತು ಅದರಿಂದ ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಹಳೆಯ ಮ್ಯಾಕಿಂತೋಷ್ ಯಂತ್ರಗಳು 13 ಒಂದನ್ನೇ ಬಳಸುತ್ತಿದ್ದವು. ಆವರಣ ಎಡಕ್ಕೆ ಹಾರಿದ್ದು ಇದರಿಂದಲೇ: 13 ಸಿಕ್ಕಿದೊಡನೆ ಪರದೆ ಸಾಲಿನ ಆರಂಭಕ್ಕೆ ಹಿಂತಿರುಗಿತು.

ಹಾಗಾದರೆ ಅದೇ ಕೋಡ್ ಅವಳ ಮನೆಯಲ್ಲಿ ಹೇಗೆ ನಡೆಯಿತು? ವಿಂಡೋಸ್‌ನಲ್ಲಿ ಸಿ ಲೈಬ್ರರಿ ಪಠ್ಯ ಕಡತವನ್ನು ಓದುವಾಗ 13, 10 ಜೋಡಿಯನ್ನು ತಾನೇ 10 ಮಾಡಿ ಕೊಡುತ್ತದೆ. ನಮ್ಮ ಕೋಡಿಗೆ 13 ಕಾಣಿಸುವುದೇ ಇಲ್ಲ. ಲಿನಕ್ಸ್‌ನಲ್ಲಿ ಅಂಥ ಬದಲಾವಣೆ ನಡೆಯುವುದಿಲ್ಲ, ಕಡತದಲ್ಲಿ ಇದ್ದದ್ದು ಇದ್ದ ಹಾಗೇ ಬರುತ್ತದೆ. ನಾನು ಸಾಲಿನ ಕೊನೆಯ 10ನ್ನು ಮಾತ್ರ ಕತ್ತರಿಸಿದ್ದೆ, 13 ಹೆಸರಿಗೇ ಅಂಟಿಕೊಂಡಿತ್ತು. ಎರಡು ಹೆಸರುಗಳನ್ನು ಹೋಲಿಸುವ 'ಸ್ಟ್ರಿಂಗ್ ಕಂಪೇರ್' ಫಂಕ್ಷನ್‌ಗೆ ಒಂದು ಬೈಟ್ ಹೆಚ್ಚಿದ್ದರೂ ಅದು ಬೇರೆಯೇ ಹೆಸರು. ಕೊನೆಯ ಹೆಸರಿನ ನಂತರ ಹುಡುಗಿ ಎಂಟರ್ ಒತ್ತಿರಲಿಲ್ಲ, ಆದ್ದರಿಂದ ಅದಕ್ಕೆ ಏನೂ ಅಂಟಿರಲಿಲ್ಲ.

ಆರಂಭದ ಮೂರು ಬೈಟುಗಳು 'ಈ ಕಡತ ಯುಟಿಎಫ್-8' ಎಂದು ತಿಳಿಸಲು ನೋಟ್‌ಪ್ಯಾಡ್ ಇಡುತ್ತಿದ್ದ ಗುರುತು. 2019ರಲ್ಲಿ ಬಂದ ವಿಂಡೋಸ್ 10ರ ಒಂದು ಆವೃತ್ತಿಯಿಂದ ಈಚೆಗೆ ನೋಟ್‌ಪ್ಯಾಡ್ ತಾನಾಗಿ ಅದನ್ನು ಸೇರಿಸುವುದಿಲ್ಲ. ಹಳೆಯ ಯಂತ್ರದಲ್ಲಿ ಸೇರುತ್ತದೆ. ಮೊದಲ ಹೆಸರು ಎರಡು ಕಡೆಯೂ ಸಿಗದೆ ಹೋದದ್ದಕ್ಕೆ ಇದೇ ಕಾರಣ. ಲ್ಯಾಪ್‌ಟಾಪ್ ಹಳೆಯದು ಎಂದು ಹುಡುಗಿ ಹೇಳಿದ್ದರಲ್ಲಿ ಇಷ್ಟು ನಿಜವಿತ್ತು. ಆದರೆ ಯುಟಿಎಫ್-8 ಕಡತದಲ್ಲಿ ಆ ಗುರುತು ಇರುವುದು ತಪ್ಪಲ್ಲ. ಅದನ್ನು ನಿರೀಕ್ಷಿಸದ ನನ್ನ ಕೋಡೇ ಅರೆಬರೆ.

ಈಗ ತಿದ್ದುವುದು ಹೇಗೆ? ಒಬ್ಬ ಹುಡುಗ ಚುರುಕಾಗಿ ಎದ್ದು, "'ಇಫ್‌ಡೆಫ್' ಹಾಕೋಣ ಮಿಸ್. ವಿಂಡೋಸ್ ಆದ್ರೆ 13 ತೆಗಿ ಅಂತ" ಎಂದ. 'ಇಫ್‌ಡೆಫ್' ಎಂದರೆ ಕಂಪೈಲ್ ಮಾಡುವಾಗಲೇ ಯಾವ ಯಂತ್ರ ಎಂದು ನೋಡಿ ಒಂದು ಭಾಗವನ್ನು ಸೇರಿಸುವ ಅಥವಾ ಬಿಡುವ ಸೂಚನೆ. ನಾನು ತಕ್ಷಣ ಸರಿ ಅಥವಾ ತಪ್ಪು ಎನ್ನದೆ ಹಾಗೇ ಬರೆದು ನಡೆಸಿ ನೋಡಲು ಹೇಳಿದೆ. ಮತ್ತೆ 23 ಮಂದಿ ಗೈರು. ತರಗತಿ ಯೋಚಿಸಿತು. 13 ತೊಂದರೆ ಕೊಡದ ವಿಂಡೋಸ್‌ನಲ್ಲಿ ಅದನ್ನು ತೆಗೆಯುವ ಸಾಲು ಸೇರಿತ್ತು. ತೊಂದರೆ ಕೊಡುವ ಲಿನಕ್ಸ್‌ನಲ್ಲಿ ಆ ಸಾಲೇ ಇರಲಿಲ್ಲ. "ಹಾಗಾದ್ರೆ ಲಿನಕ್ಸ್ ಅಂತ ಹಾಕೋಣ" ಎಂದಿತು ಇನ್ನೊಂದು ಗುಂಪು. ಫಲಿತಾಂಶ ಬಂತು. ಆದರೆ ಅದೇ ಕಡತವನ್ನು ಮ್ಯಾಕ್‌ನಲ್ಲಿ ಓದಿದರೆ? ವಿಂಡೋಸ್‌ನಲ್ಲೇ ಬೈನರಿ ವಿಧಾನದಲ್ಲಿ ತೆರೆದರೆ?

ಕೊನೆಗೆ ಆ ಹುಡುಗಿಯ ಗುಂಪು ಹೇಳಿದ್ದು ಈ ಪಾಠದ ತಿರುಳು: "ಫೈಲು ಎಲ್ಲಿಂದ ಬೇಕಾದ್ರೂ ಬರಬಹುದು. ನಾವು ಯಾವ ಕಂಪ್ಯೂಟರ್ ಅಂತ ಕೇಳ್ಬಾರ್ದು, ಸಾಲಿನ ಕೊನೇಲಿ ಏನಿದೆ ಅಂತ ನೋಡ್ಬೇಕು." ಸಾಲಿನ ಕೊನೆಯಲ್ಲಿ 10 ಇದ್ದರೆ ತೆಗೆ, ಅದರ ಹಿಂದೆ 13 ಇದ್ದರೆ ಅದನ್ನೂ ತೆಗೆ. ಕಡತದ ಆರಂಭದಲ್ಲಿ ಆ ಮೂರು ಬೈಟು ಇದ್ದರೆ ದಾಟಿಹೋಗು. ಇದಕ್ಕೆ 'ಇಫ್‌ಡೆಫ್' ಬೇಕೇ ಇಲ್ಲ.

ಇನ್ನೊಂದು ಮಾತು ಉಳಿದಿತ್ತು. ನಮ್ಮ ಮೂರೂ ಫಂಕ್ಷನ್‌ಗಳು ಕಡತವನ್ನು ಬೇರೆ ಬೇರೆಯಾಗಿ ಓದುತ್ತಿದ್ದವು. ಕೆಲವು ಗುಂಪುಗಳು ಈ ತಿದ್ದುಪಡಿಯನ್ನು ಮೂರು ಕಡೆ ಬರೆದವು, ಒಂದು ಗುಂಪು ಎರಡು ಕಡೆ ಬರೆದು ಮೂರನೆಯದನ್ನು ಮರೆಯಿತು. 'ಸಾಲುಓದು' ಎಂಬ ಒಂದೇ ಫಂಕ್ಷನ್ ಮಾಡಿ, ಉಳಿದವು ಅದನ್ನೇ ಕರೆಯುವಂತೆ ಮಾಡಿದೆವು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸಂಗತಿ ಲೈಬ್ರರಿಯ ಒಂದೇ ಕಡೆ ಇರಬೇಕು. ಈಗ ಪ್ರೋಗ್ರಾಂ ನಡೆಸಿದಾಗ 24 ಹೆಸರೂ ಸಿಕ್ಕವು.

ವಿಸ್ತರಣೆ

ಎರಡನೆಯ ಅವಧಿಯಲ್ಲಿ ಇನ್ನೆರಡು ಸಂದರ್ಭಗಳನ್ನು ತೆಗೆದುಕೊಂಡೆ. ಮೊದಲನೆಯದರಲ್ಲಿ ಆಪರೇಟಿಂಗ್ ಸಿಸ್ಟಮನ್ನೇ ಕೇಳದೆ ಗತ್ಯಂತರವಿಲ್ಲ. ಒಂದು ಹೆಸರು ತೋರಿಸಿ ಒಂದು ಸೆಕೆಂಡ್ ಕಾದು ಮುಂದಿನದನ್ನು ತೋರಿಸಬೇಕು. ವಿಂಡೋಸ್‌ನಲ್ಲಿ ದೊಡ್ಡಕ್ಷರದಿಂದ ಶುರುವಾಗುವ 'ಸ್ಲೀಪ್' ಎಂಬ ಫಂಕ್ಷನ್ ಇದೆ, ಅದಕ್ಕೆ 1000 ಎಂದು ಕೊಟ್ಟರೆ ಒಂದು ಸೆಕೆಂಡ್. ಅದೇ ಕೋಡನ್ನು ಉಬುಂಟುವಿಗೆ ತಂದಾಗ ಕಂಪೈಲರು ಒಪ್ಪಲಿಲ್ಲ. ಒಂದು ಗುಂಪು ದೊಡ್ಡಕ್ಷರವನ್ನು ಸಣ್ಣಕ್ಷರ ಮಾಡಿ, ಬೇಕಾದ ಹೆಡರ್ ಸೇರಿಸಿತು. ಕಂಪೈಲ್ ಆಯಿತು. ನಡೆಸಿದರೆ ಮೊದಲ ಹೆಸರು ಬಂದು ನಿಂತೇಹೋಯಿತು. "ಹ್ಯಾಂಗ್ ಆಯ್ತು ಮಿಸ್!" ಹ್ಯಾಂಗ್ ಆಗಿರಲಿಲ್ಲ. ಲಿನಕ್ಸ್‌ನ 'ಸ್ಲೀಪ್' ಎಣಿಸುವುದು ಸೆಕೆಂಡುಗಳಲ್ಲಿ. 1000 ಸೆಕೆಂಡ್ ಎಂದರೆ 16 ನಿಮಿಷ 40 ಸೆಕೆಂಡ್, ಅವಧಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಕಂಪೈಲ್ ಆದ ಮಾತ್ರಕ್ಕೆ ಕೋಡ್ ಸರಿ ಎನ್ನುವಂತಿಲ್ಲ ಎಂಬುದು ಮಕ್ಕಳ ಮನಸ್ಸಿನಲ್ಲಿ ಕೂತದ್ದು ಆಗಲೇ.

ಇಲ್ಲಿ ನಾವು ನಮ್ಮದೇ ಹೆಸರು ಇಟ್ಟೆವು: 'ಕಾಯಿ', ಅಳತೆ ಮಿಲಿಸೆಕೆಂಡಿನಲ್ಲಿ. ಹೆಡರ್ ಕಡತದಲ್ಲಿ ಆ ಒಂದು ಘೋಷಣೆ ಮಾತ್ರ. ವಿಂಡೋಸ್‌ನ ರೀತಿ ಒಂದು ಕಡತದಲ್ಲಿ, ಲಿನಕ್ಸ್‌ನ ರೀತಿ ಇನ್ನೊಂದರಲ್ಲಿ. ಕಂಪೈಲ್ ಮಾಡುವಾಗ ಆ ಯಂತ್ರಕ್ಕೆ ಬೇಕಾದದ್ದನ್ನು ಸೇರಿಸಿಕೊಂಡರಾಯಿತು. ಲೈಬ್ರರಿಯ ಉಳಿದ ಭಾಗಕ್ಕೆ ತಾನು ಯಾವ ಯಂತ್ರದಲ್ಲಿದ್ದೇನೆ ಎಂಬ ಗೊಡವೆ ಇಲ್ಲ.

ಎರಡನೆಯ ಸಂದರ್ಭ ಸಂಖ್ಯೆಗಳ ಗಾತ್ರ. "ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುವಾಗ ಒಂದು ಮೊಳ ಅಂದರೆ ಎಷ್ಟು?" ಎಂದು ಕೇಳಿದೆ. "ಮಾರೋರ ಕೈ ಎಷ್ಟುದ್ದವೋ ಅಷ್ಟು!" ಎಂದು ನಕ್ಕರು. ಸಿ ಭಾಷೆಯ 'ಇಂಟ್', 'ಲಾಂಗ್' ಎಂಬ ಮಾದರಿಗಳೂ ಮೊಳದ ಹಾಗೆ. ಮಾನಕ ಹೇಳುವುದು ಕನಿಷ್ಠ ಗಾತ್ರ ಮಾತ್ರ: ಇಂಟ್ 16 ಬಿಟ್‌ಗೆ ಕಡಿಮೆ ಇರಬಾರದು, ಲಾಂಗ್ 32 ಬಿಟ್‌ಗೆ ಕಡಿಮೆ ಇರಬಾರದು. ನಾನು ಕಲಿತ ಟರ್ಬೊ ಸಿಯಲ್ಲಿ ಇಂಟ್ ಎಂದರೆ 2 ಬೈಟ್, ಹಿಡಿಸುವುದು 32767ರವರೆಗೆ. 200 ಮಂದಿಯಿಂದ ತಲಾ 200 ರೂಪಾಯಿ ವಸೂಲಿ ಮಾಡಿದರೆ 40000 ಬರಬೇಕಾದ ಕಡೆ ಮೈನಸ್ 25536 ಬರುತ್ತಿತ್ತು. ಇಂದಿನ ನಮ್ಮ ಯಂತ್ರಗಳಲ್ಲಿ ಇಂಟ್ 4 ಬೈಟ್. ಲಾಂಗ್ ಮಾತ್ರ 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್. ಒಂದರಲ್ಲಿ ಲಾಂಗ್ ಸಂಖ್ಯೆಗಳನ್ನು ಬೈನರಿಯಾಗಿ ಕಡತಕ್ಕೆ ಬರೆದು ಇನ್ನೊಂದರಲ್ಲಿ ಓದಿದರೆ ಲೆಕ್ಕ ಅಡ್ಡಾದಿಡ್ಡಿಯಾಗುತ್ತದೆ. ಕಡತಕ್ಕೆ ಹೋಗುವ ಸಂಖ್ಯೆಗೆ ಮೊಳದ ಬದಲು ಸೆಂಟಿಮೀಟರ್ ಬೇಕು. 1999ರ ಮಾನಕದಲ್ಲಿ ಬಂದ 'ಎಸ್‌ಟಿಡಿ-ಇಂಟ್ ಡಾಟ್ ಎಚ್' ಹೆಡರ್ ಅದನ್ನು ಕೊಡುತ್ತದೆ. ಅದರ 'ಇಂಟ್32' ಮಾದರಿ ಎಲ್ಲಿ ಇದ್ದರೂ 32 ಬಿಟ್ಟೇ.

ಈ ಕಷ್ಟ ನಮ್ಮ ಪ್ರಯೋಗಾಲಯದ್ದು ಮಾತ್ರವಲ್ಲ ಎಂದೂ ಹೇಳಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಪಿಡಿಪಿ-11 ಯಂತ್ರದ ಮೇಲೆ ಬೆಳೆದ ಯುನಿಕ್ಸನ್ನು 1970ರ ದಶಕದ ಕೊನೆಯಲ್ಲಿ ಇಂಟರ್‌ಡೇಟಾ 8/32 ಎಂಬ ಬೇರೆ ಬಗೆಯ ಯಂತ್ರಕ್ಕೆ ತಂದಾಗ, ಕೋಡಿನೊಳಗೆ ಯಾರೂ ಬರೆದಿಡದೆ ಸೇರಿಕೊಂಡಿದ್ದ ಇಂಥ ಊಹೆಗಳನ್ನು ಹುಡುಕಿ ತೆಗೆಯಬೇಕಾಯಿತು. ಆ ಅನುಭವವನ್ನು ಸ್ಟೀಫನ್ ಜಾನ್ಸನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಲೇಖನವಾಗಿ ಬರೆದರು. ಸಿ ಭಾಷೆಯನ್ನು ರೂಪಿಸಿದವರೇ ರಿಚಿ. ಅವರಿಗೂ ಈ ಕೆಲಸ ಬಿಡಲಿಲ್ಲ ಎಂದಾಗ ತರಗತಿಗೆ ಸಮಾಧಾನವಾಯಿತು. ನನಗೂ ಆಯಿತು.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ.

ಒಂದು: ಹುಡುಗಿಯ ಮನೆಯಲ್ಲಿ ಉಳಿಸಿದ ಪಟ್ಟಿ ಮತ್ತು ಅದೇ 24 ಹೆಸರುಗಳನ್ನು ಉಬುಂಟುವಿನಲ್ಲಿ ಟೈಪ್ ಮಾಡಿದ ಪಟ್ಟಿ, ಎರಡರಲ್ಲೂ ಕೊನೆಯ ಸಾಲಿಗೆ ಎಂಟರ್ ಇಲ್ಲ. ಗಾತ್ರದ ವ್ಯತ್ಯಾಸ ಎಷ್ಟು ಬೈಟ್? ಹೆಚ್ಚಿನವರು ಮೊದಲು 23 ಎಂದರು. 24 ಸಾಲಿಗೆ 23 ಸಾಲಂತ್ಯ ಎಂಬುದನ್ನು ಸರಿಯಾಗಿ ಹಿಡಿದರೂ ಆರಂಭದ ಮೂರನ್ನು ಮರೆತಿದ್ದರು. ಕಡತಗಳ ಗಾತ್ರ ನೋಡಿದಾಗ 26 ಎಂದು ತಾವೇ ಕಂಡುಕೊಂಡರು.

ಎರಡು: ಒಬ್ಬರ ಹೆಸರನ್ನು ಇಡಲು ಲೈಬ್ರರಿ 32 ಬೈಟ್ ಕಾದಿರಿಸಿದೆ. ಹೆಸರಿನ ಕೊನೆಯನ್ನು ಸೂಚಿಸುವ ಸೊನ್ನೆಗೆ ಒಂದು ಬೈಟ್ ಹೋಗುತ್ತದೆ. ಕನ್ನಡ, ತಮಿಳು, ತೆಲುಗುಗಳ ಪ್ರತಿ ಯುನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಉರ್ದುವಿಗೆ 2, ಇಂಗ್ಲಿಷಿಗೆ 1. ಯಾರ ಹೆಸರು ಮೊದಲು ತುಂಡಾಗುತ್ತದೆ? ಉಳಿದ 31 ಬೈಟಿನಲ್ಲಿ ಕನ್ನಡದ 10 ಸಂಕೇತಗಳು ಮಾತ್ರ ಹಿಡಿಸುತ್ತವೆ. ಒತ್ತಕ್ಷರ, ಸ್ವರಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ 'ಕ್ಷ' ಒಂದಕ್ಕೇ ಮೂರು ಸಂಕೇತ, 9 ಬೈಟ್ ಬೇಕು. ನಾಲ್ಕು ಭಾಷೆಯ ಮಕ್ಕಳು ಕುಳಿತ ಆ ತರಗತಿಯಲ್ಲಿ ಈ ಪ್ರಶ್ನೆ ಬಹಳ ಹೊತ್ತು ನಡೆಯಿತು. ಪ್ರತಿಯೊಬ್ಬರೂ ತಮ್ಮ ಹೆಸರನ್ನು ಎಣಿಸಿಕೊಂಡರು.

ಮೂರು: ನಮ್ಮ ಲೈಬ್ರರಿ ಇನ್ನೂ ಏನನ್ನು ಊಹಿಸಿದೆ? ಉತ್ತರಗಳನ್ನು ಹಲಗೆಯ ಮೇಲೆ ಪಟ್ಟಿ ಮಾಡಿದೆವು. ಕಡತದ ಹೆಸರಿನ ಸಣ್ಣಕ್ಷರ ದೊಡ್ಡಕ್ಷರಗಳು ಒಂದೇ ಎಂಬ ಊಹೆ (ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ), ಫೋಲ್ಡರುಗಳ ನಡುವಿನ ಗೆರೆ ಯಾವ ಕಡೆ ವಾಲಿದೆ ಎಂಬ ಊಹೆ, ಪಟ್ಟಿ ಯುಟಿಎಫ್-8ರಲ್ಲೇ ಇರುತ್ತದೆ ಎಂಬ ಊಹೆ.

ಗೃಹಪಾಠ: ಕಂಪ್ಯೂಟರ್ ಇರುವವರು ಇಲ್ಲದವರೊಂದಿಗೆ ಜೋಡಿಯಾಗಿ, ಒಬ್ಬರು ಬರೆದ ಫಂಕ್ಷನ್ನನ್ನು ಇನ್ನೊಬ್ಬರು ಮತ್ತೊಂದು ಯಂತ್ರದಲ್ಲಿ ನಡೆಸಿ, ಫಲಿತಾಂಶವನ್ನು ಇದ್ದ ಹಾಗೇ ಬರೆದು ತರುವುದು. ತಪ್ಪು ಬಂದರೆ ತಿದ್ದದೆ ತರಬೇಕು ಎಂಬುದು ನಿಯಮ.

4. ಚಿಂತನ

ಮೊದಲ ಪಾಠದಲ್ಲಿ ಕೋಡ್ ತಪ್ಪಿದ್ದು ನನ್ನನ್ನು ಅಷ್ಟಾಗಿ ಕಾಡುತ್ತಿಲ್ಲ. ಅಂಥ ತಪ್ಪು ಎಲ್ಲರಿಂದಲೂ ಆಗುತ್ತದೆ. ಆ ತಪ್ಪಿನ ಹೊಣೆಯನ್ನು ಹುಡುಗಿ ತನ್ನ ಮನೆಯ ಹಳೆಯ ಲ್ಯಾಪ್‌ಟಾಪಿನ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತದ್ದು ಕಾಡುತ್ತದೆ. ಎಲ್ಲರ ಬಳಿಯೂ ನನ್ನ ಯಂತ್ರದಂಥದೇ ಯಂತ್ರ ಇದೆ ಎಂದು ಊಹಿಸಿದ್ದು ಲೈಬ್ರರಿ ಮಾತ್ರವಲ್ಲ, ನನ್ನ ಪಾಠಯೋಜನೆಯೂ ಹಾಗೇ ಊಹಿಸಿತ್ತು. ಎರಡೂ ಕಡೆ ತಿದ್ದುಪಡಿ ಒಂದೇ: ನನ್ನ ಕೈಗೆ ಬಂದದ್ದರಲ್ಲಿ ನಿಜಕ್ಕೂ ಏನಿದೆ ಎಂದು ಮೊದಲು ನೋಡಬೇಕು. ಯಾರ ಮನೆಯಿಂದ, ಯಾವ ಯಂತ್ರದಿಂದ ಬಂತು ಎಂಬುದರ ಮೇಲೆ ತೀರ್ಮಾನ ಮಾಡಬಾರದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು. ಸಿ ಪ್ರೋಗ್ರಾಮನ್ನು ತರಗತಿಗೆ ಒಯ್ಯುವ ಮುಂಚೆ ಕನಿಷ್ಠ ಎರಡು ಆಪರೇಟಿಂಗ್ ಸಿಸ್ಟಂಗಳಲ್ಲಿ ನಡೆಸಿ ನೋಡಿ. ಪರೀಕ್ಷೆಗೆ ನೀವೇ ಮಾಡಿದ ಕಡತ ಸಾಲದು, ಬೇರೊಬ್ಬರು ಬೇರೆ ಯಂತ್ರದಲ್ಲಿ ಮಾಡಿದ್ದನ್ನೂ ಇಟ್ಟುಕೊಳ್ಳಿ. ಜಿಸಿಸಿ ಕಂಪೈಲರಿಗೆ 'ವಾಲ್', 'ಪೆಡಾಂಟಿಕ್' ಎಂಬ ಸೂಚನೆಗಳನ್ನು ಕೊಟ್ಟರೆ ಮಾನಕದ ಆಚೆಗಿನ ಹಲವು ಬಳಕೆಗಳನ್ನು ಅದೇ ಎತ್ತಿ ತೋರಿಸುತ್ತದೆ. ನಮ್ಮ ಹಳೆಯ ಪ್ರಾಯೋಗಿಕ ಪುಸ್ತಕಗಳ 'ಕೊನಿಯೊ' ಸಾಲುಗಳನ್ನು ಹಾಗೇ ಮಕ್ಕಳಿಗೆ ದಾಟಿಸಬೇಡಿ. 'ಮನೇಲಿ ಬಂತು, ಇಲ್ಲಿ ಬರ್ತಿಲ್ಲ' ಎಂದು ಯಾರಾದರೂ ಹೇಳಿದರೆ ಅದನ್ನು ನೆಪ ಎಂದುಕೊಳ್ಳದೆ ಹಲಗೆಯ ಮೇಲೆ ಬರೆಯಿರಿ. ಪೋರ್ಟಬಲ್ ಕೋಡಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ.

ಬೋಧನಾ ಅಭ್ಯಾಸದ ಕೊನೆಯ ದಿನ ಆ ಹುಡುಗಿ ಗೃಹಪಾಠದ ಹಾಳೆ ತಂದುಕೊಟ್ಟಳು. ಅವಳ ಜೋಡಿ ಬರೆದ ಫಂಕ್ಷನ್ ಅವಳ ಲ್ಯಾಪ್‌ಟಾಪಿನಲ್ಲಿ ತಪ್ಪು ಉತ್ತರ ಕೊಟ್ಟಿತ್ತು. ನಿಯಮದಂತೆ ತಿದ್ದದೆ ತಂದಿದ್ದಳು. ಕಾರಣ ಏನಿರಬಹುದು ಎಂಬ ಕಲಂನಲ್ಲಿ ಬರೆದಿದ್ದಳು: 'ಲಾಂಗ್, ಇಲ್ಲಿ 4 ಬೈಟ್.' ಹಾಳೆಯ ಮೇಲ್ಗಡೆ, ಯಂತ್ರದ ವಿವರ ಎಂಬಲ್ಲಿ, ಲ್ಯಾಪ್‌ಟಾಪಿನ ಮಾದರಿ ಮತ್ತು ವಿಂಡೋಸ್ ಆವೃತ್ತಿಯನ್ನು ಪೂರ್ತಿಯಾಗಿ ಬರೆದಿದ್ದಳು.